ಉಪ್ಪ ಬರುವಾಗ ತರ್ತಾರೆ

“ಕಿವಿ ಹತ್ತಿರ ತಾ. ಕೇಳ್ತದಾ?”

ಹನಾ ಕೌಂಟರಿನ ಮೇಲೆ ಬಾಗಿ, ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದ ಲ್ಯಾಪ್‌ಟಾಪಿಗೆ ಕಿವಿ ಕೊಟ್ಟಳು. ಒಳಗಿನಿಂದ ಟಕ್, ಟಕ್, ಟಕ್ ಎಂಬ ಸದ್ದು. ಸ್ವಲ್ಪ ನಿಂತು ಮತ್ತೆ ಟಕ್, ಟಕ್.

“ಕೇಳ್ತದೆ ಅಂಕಲ್. ಯಾರೋ ಬಾಗಿಲು ಬಡಿದ ಹಾಗೆ.”

“ಅದೇ ಹಾರ್ಡ್ ಡಿಸ್ಕ್. ನೀವು ಹಾಕಿದ ಫೋಟೋ, ನೀನು ಆಡುವ ಗೇಮ್ಸ್, ಎಲ್ಲ ಇರುದು ಅದರೊಳಗೆ. ಅದು ಕೆಟ್ಟು ಹೋಗಿದೆ” ಎಂದರು ಶಾಂತಿರಾಜ ಅಂಕಲ್. ಮಡಂತ್ಯಾರು ಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದದ್ದು ಅವರೊಬ್ಬರೇ. ಹನಾ ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲೇ ಅವರ ಅಂಗಡಿ. ಅದಕ್ಕೇ ಉಮ್ಮ ಅವಳಿಗೆ, “ಬರುವಾಗ ಎಂತಾಯ್ತು ಅಂತ ಕೇಳಿಕೊಂಡು ಬಾ” ಎಂದು ಹೇಳಿ ಕಳಿಸಿದ್ದಳು.

“ಹಾಗಾದ್ರೆ ಲ್ಯಾಪ್‌ಟಾಪೇ ಹೋಯ್ತಾ?”

“ಲ್ಯಾಪ್‌ಟಾಪ್ ಯಾಕೆ ಹೋಗ್ತದೆ? ಸ್ಕ್ರೀನ್ ಉಂಟು, ಕೀಬೋರ್ಡ್ ಉಂಟು, ಎಲ್ಲ ಫಸ್ಟ್ ಕ್ಲಾಸ್ ಉಂಟು. ಬೇರೆ ಹಾರ್ಡ್ ಡಿಸ್ಕ್ ಹಾಕಿದ್ರೆ ಇನ್ನೂ ಎಷ್ಟೋ ವರ್ಷ ಓಡ್ತದೆ. ಮಂಗಳೂರಿಂದ ತರಿಸಿ ಎರಡು ದಿನದಲ್ಲಿ ಕೊಡ್ತೇನೆ. ಇಲ್ಲ, ಹಳತು ಬೇಡ, ಹೊಸತೇ ತೆಗೊಳ್ತೇವೆ ಅಂತಾದ್ರೆ ಅದು ನಿಮ್ಮ ಇಷ್ಟ. ಹೇಗೂ ನಿನ್ನ ಉಪ್ಪ ಗಲ್ಫಲ್ಲಿ ಇದ್ದಾರಲ್ಲ. ಉಮ್ಮನತ್ರ ಕೇಳಿ ಬಾ.”

ಹನಾ ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಏರಿಸಿಕೊಂಡಳು. ಹೊರಡಲಿಲ್ಲ.

“ಅಂಕಲ್, ಗಲ್ಫಿಂದ ಲ್ಯಾಪ್‌ಟಾಪ್ ಪಾರ್ಸೆಲ್ ಮಾಡ್ಲಿಕ್ಕೆ ಆಗ್ತದಾ?”

“ಪಾರ್ಸೆಲ್ ಮಾಡಿದ್ರೆ ಪುಡಿ ಆಗಿ ಬಂದೀತು. ಯಾರಾದ್ರೂ ಕೈಯಲ್ಲಿ ಹಿಡ್ಕೊಂಡೇ ಬರ್ಬೇಕು.”

ಅಷ್ಟು ಕೇಳಿದ್ದೇ ತಡ, ಹನಾ ಅಂಗಡಿಯಿಂದ ಇಳಿದು ಓಡಿದಳು. ಯಾರಾದರೂ ತಂದರಾಯಿತು ಎಂದದ್ದು ಅವಳ ತಲೆಗೆ ಹೋಗಲೇ ಇಲ್ಲ. ಕೈಯಲ್ಲಿ ಹಿಡಿದುಕೊಂಡೇ ಬರಬೇಕು ಎಂಬುದೊಂದೇ ಹೋದದ್ದು.

ಈಗ ಹನಾಳ ಲೆಕ್ಕ ಏನೆಂದು ನಿಮಗೆ ಹೇಳಬೇಕು. ಕೇಳಿ ನಗಬೇಡಿ.

ಹನಾಳ ಅಪ್ಪ, ಅವಳ ಬಾಯಲ್ಲಿ ಉಪ್ಪ, ಅಬ್ದುಲ್ ಮಜೀದ್ ಸೌದಿಯ ದಮ್ಮಾಮಿನಲ್ಲಿ ಕೆಲಸದಲ್ಲಿದ್ದರು. ಮನೆಯಲ್ಲಿ ಇದ್ದದ್ದು ಉಮ್ಮ ನುಸ್ರತ್ ಮತ್ತು ಹನಾ, ಇಬ್ಬರೇ. ಮನೆಯಲ್ಲಿ ಏನು ಕೆಟ್ಟರೂ ಉಮ್ಮ ಹೇಳುವ ಮಾತು ಒಂದೇ: “ಇರ್ಲಿ, ಉಪ್ಪ ಬರುವಾಗ ತರ್ತಾರೆ.” ಟಾರ್ಚ್ ಕೆಟ್ಟರೂ ಅದೇ, ಕೊಡೆಯ ಕಡ್ಡಿ ಮುರಿದರೂ ಅದೇ. ಅಂಥ ಸಾಮಾನೆಲ್ಲ ಕಪಾಟಿನ ತಲೆಯ ಮೇಲೆ ಹೋಗಿ ಉಪ್ಪನಿಗಾಗಿ ಕಾಯುತ್ತಾ ಕೂರುತ್ತಿದ್ದವು.

ಹನಾ ಒಂದನೇ ಕ್ಲಾಸಿನಲ್ಲಿದ್ದಾಗ ಟಿವಿ ಕೆಟ್ಟಿತು. ಆ ವರ್ಷ ಉಪ್ಪ ಬಂದರು, ಹೊಸ ಟಿವಿ ತಂದರು. ಮೂರನೇ ಕ್ಲಾಸಿನಲ್ಲಿದ್ದಾಗ ಟೇಪ್ ರೆಕಾರ್ಡರ್ ಮೇಜಿನಿಂದ ಬಿದ್ದು ಎರಡು ತುಂಡಾಯಿತು. ಆ ವರ್ಷವೂ ಉಪ್ಪ ಬಂದರು. ಈ ಲ್ಯಾಪ್‌ಟಾಪ್ ಬಂದದ್ದೇ ಆಗ. ಈಗ ಹನಾ ಐದನೇ ಕ್ಲಾಸು. ಆಮೇಲೆ ಇಷ್ಟರ ತನಕ ಮನೆಯಲ್ಲಿ ದೊಡ್ಡ ಸಾಮಾನು ಯಾವುದೂ ಕೆಟ್ಟಿರಲಿಲ್ಲ. ಉಪ್ಪನೂ ಬಂದಿರಲಿಲ್ಲ.

ನಡುವೆ ಒಮ್ಮೆ ಮಿಕ್ಸಿ ಸುಟ್ಟು ಹೋಗಿತ್ತು. ಆಗ ಉಪ್ಪ ಬರಲಿಲ್ಲ, ಉಮ್ಮನೇ ಮೂಡಬಿದ್ರೆಗೆ ಹೋಗಿ ಬೇರೆ ತಂದಳು. ಅದನ್ನು ಹನಾ ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಮಿಕ್ಸಿಗಾಗಿ ಯಾರಾದರೂ ವಿಮಾನ ಹತ್ತುತ್ತಾರಾ? ಲ್ಯಾಪ್‌ಟಾಪ್ ಹಾಗಲ್ಲ. ಲ್ಯಾಪ್‌ಟಾಪಿಗೆ ಉಪ್ಪ ಬರಲೇಬೇಕು.

ಮನೆಗೆ ಬಂದಾಗ ಉಮ್ಮ ಜಗಲಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು.

“ಎಂತ ಹೇಳಿದ್ರು?”

ಹನಾ ಚಪ್ಪಲಿ ಕಳಚಿದಳು. ಅದನ್ನು ಗೋಡೆಗೆ ಸರಿಯಾಗಿ ಜೋಡಿಸಿ ಇಟ್ಟಳು. ದಿನಾ ಒಂದು ಅಲ್ಲಿ ಒಂದು ಇಲ್ಲಿ ಎಸೆಯುವವಳು.

“ರಿಪೇರಿ ಆಗುದಿಲ್ಲಂತೆ. ಹೊಸತೇ ಬೇಕಂತೆ.”

“ಆಗುದೇ ಇಲ್ಲಂತಾ? ನಾನೊಮ್ಮೆ ಹೋಗಿ ಕೇಳ್ಲಾ?”

“ಅವರು ಎಲ್ಲ ಬಿಚ್ಚಿ ನೋಡಿದ್ದಾರೆ ಉಮ್ಮ. ಒಳಗೆ ಟಕ್ ಟಕ್ ಅಂತದೆ. ನಾನೇ ಕೇಳಿದೆ.”

ಟಕ್ ಟಕ್ ಎಂದದ್ದಾದರೂ ಸುಳ್ಳಲ್ಲವಲ್ಲ ಎಂದು ಹನಾ ತನಗೆ ತಾನೇ ಹೇಳಿಕೊಂಡಳು. ಉಮ್ಮ ಗೆರಸೆಯಿಂದ ಒಂದು ಕಲ್ಲು ಹೆಕ್ಕಿ ಅಂಗಳಕ್ಕೆ ಎಸೆದಳು.

“ಎಂತ ಮಾಡುದು? ಇರ್ಲಿ. ಉಪ್ಪ ಬರುವಾಗ ತರ್ತಾರೆ.”

ಹನಾ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಎರಡು ಸಲ ಹಾರಿದಳು.

ಆ ರಾತ್ರಿ ಊಟದ ಮೊದಲು ಉಪ್ಪನ ಫೋನ್ ಬಂತು. ಅಷ್ಟು ದೂರದ ಫೋನ್, ಒಂದು ಮಾತು ಹೇಳಿದರೆ ಅದೇ ಮಾತು ತಿರುಗಿ ನಮ್ಮ ಕಿವಿಗೇ ಬರುತ್ತಿತ್ತು. ಉಮ್ಮ ವಿಷಯ ಹೇಳಿ ರಿಸೀವರನ್ನು ಹನಾಳ ಕೈಗೆ ಕೊಟ್ಟಳು.

“ಹನಾ, ರಿಪೇರಿ ಆಗುದಿಲ್ಲಂತ ಅವರೇ ಹೇಳಿದ್ದಾ? ನೀನು ಸರಿ ಕೇಳಿದ್ದೀಯಾ?”

“ಹೌದುಪ್ಪ.”

“ಇನ್ನೊಮ್ಮೆ ಕೇಳಿ ನೋಡು. ಸಣ್ಣ ಏನಾದ್ರೂ ಇರ್ಬಹುದು.”

“ಇಲ್ಲುಪ್ಪ. ಹೊಸತೇ ಬೇಕು. ಕೈಯಲ್ಲಿ ಹಿಡ್ಕೊಂಡೇ ಬರ್ಬೇಕಂತೆ.”



“ಆಯ್ತು ಹಾಗಾದ್ರೆ. ನಾನೇ ಬರುವಾಗ ತರ್ತೇನೆ.”

ಯಾವಾಗ ಎಂದು ಹನಾ ಕೇಳಲಿಲ್ಲ. ಕೇಳುವುದೆಂಥದ್ದು? ಲ್ಯಾಪ್‌ಟಾಪ್ ಕೆಟ್ಟದ್ದು ಈಗ. ಅಂದ ಮೇಲೆ ಬರುವುದೂ ಈಗಲೇ ಅಲ್ಲವೇ?

ಆದರೆ ಶುಕ್ರವಾರ ಬಂತು. ಆಗ ಹನಾಳಿಗೆ ಒಂದು ವಿಷಯ ಹೊಳೆಯಿತು. ಇದನ್ನು ಅವಳು ಮೊದಲೇ ಆಲೋಚಿಸಿರಲಿಲ್ಲ.

ಅವರ ಮನೆಯಲ್ಲಿ ಶುಕ್ರವಾರವೆಂದರೆ ಲ್ಯಾಪ್‌ಟಾಪಿನ ದಿನ. ಉಪ್ಪನಿಗೆ ರಜೆ. ಹನಾ ಶಾಲೆಯಿಂದ ಬಂದು ಮುಖ ತೊಳೆದು ಕೂರುವಷ್ಟರಲ್ಲಿ ಸ್ಕ್ರೀನಿನಲ್ಲಿ ಉಪ್ಪನ ಮುಖ ಬರುತ್ತಿತ್ತು. ಒಮ್ಮೊಮ್ಮೆ ಬಾಯಿ ತೆರೆದೇ ನಿಂತುಬಿಡುತ್ತಿತ್ತು, ಒಮ್ಮೊಮ್ಮೆ ಮುಖ ಚೂರುಚೂರಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು. ಆದರೂ ಅದು ಉಪ್ಪನೇ. ಹನಾ ತನ್ನ ಡ್ರಾಯಿಂಗ್ ಪುಸ್ತಕ ತೋರಿಸುತ್ತಿದ್ದಳು, ಮೊಣಕಾಲಿನ ಗಾಯ ತೋರಿಸುತ್ತಿದ್ದಳು, ಮರಿ ಹಾಕಿದ ಬೆಕ್ಕನ್ನು ಎತ್ತಿಕೊಂಡು ಬಂದು ಹಿಡಿಯುತ್ತಿದ್ದಳು. ಉಮ್ಮ ಚಹಾದ ಗ್ಲಾಸನ್ನು ಸ್ಕ್ರೀನಿನ ಮುಂದೆ ಇಟ್ಟು, “ಕುಡೀರಿ” ಎಂದು ತಮಾಷೆ ಮಾಡುತ್ತಿದ್ದಳು.

ಈಗ ಆ ಮೇಜು ಖಾಲಿ. ಉಮ್ಮ ಅದರ ಮೇಲೆ ಮಡಚಿದ ಬಟ್ಟೆ ಇಟ್ಟಿದ್ದಳು.

“ಸೈಬರ್ ಕೆಫೆಗೆ ಹೋಗುವನಾ ಉಮ್ಮ?”

“ಅಷ್ಟು ಜನರ ಎದುರು ಹೇಗೆ ಮಾತಾಡುದು? ಬೇಡ. ಫೋನ್ ಮಾಡ್ತಾರಲ್ಲ.”

ಫೋನ್ ಬಂತು. ಆ ವಾರ ಹನಾಳ ಕೋರೆಹಲ್ಲು ಬಿದ್ದಿತ್ತು.

“ಉಪ್ಪಾ, ನನ್ನ ಹಲ್ಲು ಬಿತ್ತು.”

“ಹೌದಾ? ಯಾವುದು?”

“ಇದು” ಎಂದು ಹನಾ ಬಾಯಿ ಅಗಲಿಸಿ, ಬೆರಳಿಟ್ಟು ತೋರಿಸಿದಳು. ಟೆಲಿಫೋನಿಗೆ. ಆಮೇಲೆ ಬೆರಳನ್ನು ಮೆಲ್ಲ ಹೊರಗೆ ತೆಗೆದಳು. ಅವಳಿಗೆ ಎಷ್ಟು ಬೇಸರವಾಯಿತೆಂದರೆ, ಯಾವ ಹಲ್ಲೆಂದು ಬಾಯಲ್ಲಿ ಹೇಳುವುದಕ್ಕೂ ಮನಸ್ಸಾಗಲಿಲ್ಲ.

ಅಷ್ಟು ಸಾಲದೆಂದು ದಾರಿಯ ತೊಂದರೆ ಬೇರೆ. ಶಾಂತಿರಾಜ ಅಂಕಲ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದರೆ, “ಏ ಹನಾ, ಉಮ್ಮ ಎಂತ ಹೇಳಿದ್ರು?” ಎಂದು ಕೇಳುತ್ತಿದ್ದರು. ಮೊದಲ ಸಲ ಅವಳು, “ಕೇಳ್ಬೇಕಷ್ಟೆ ಅಂಕಲ್” ಎಂದಳು. ಎರಡನೇ ಸಲ, “ಉಮ್ಮನಿಗೆ ಜ್ವರ” ಎಂದಳು. ಗಟ್ಟಿಮುಟ್ಟಾಗಿದ್ದ ಉಮ್ಮನಿಗೆ ಸುಮ್ಮಸುಮ್ಮನೆ ಜ್ವರ ಬರಿಸಿದ ಮೇಲೆ ಅವಳಿಗೇ ಹೆದರಿಕೆಯಾಯಿತು. ಮರುದಿನದಿಂದ ರಸ್ತೆ ದಾಟಿ ಆಚೆ ಬದಿಯಲ್ಲಿ, ಮೀನಿನ ಅಂಗಡಿಯ ಹಿಂದಿನಿಂದ ನಡೆಯತೊಡಗಿದಳು.

ಗೆಳತಿ ಸುಪ್ರೀತಾ ಜೊತೆಗೆ ಬರುವವಳಲ್ಲ. ಅವಳ ಅಪ್ಪ ದಿನಾ ಸ್ಕೂಟರಿನಲ್ಲಿ ಗೇಟಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಸುಪ್ರೀತಾ ಹಿಂದೆ ಕೂತು, ಅಪ್ಪನ ಬೆನ್ನಿಗೆ ಕೆನ್ನೆ ಒತ್ತಿ, ಕೈ ಬೀಸಿ ಹೋಗುತ್ತಿದ್ದಳು. ಮೀನಿನ ಅಂಗಡಿಯ ಹಿಂದೆ ಹನಾ ಒಬ್ಬಳೇ. ಈ ಗುಟ್ಟನ್ನು ಹೇಳಿಕೊಳ್ಳುವುದಕ್ಕೂ ಯಾರಿರಲಿಲ್ಲ. ಉಪ್ಪ ಬೇಗ ಬಂದರೆ ಸಾಕಿತ್ತು, ಎಲ್ಲ ಸರಿಯಾಗುತ್ತದೆ ಎಂದುಕೊಂಡು ನಡೆಯುತ್ತಿದ್ದಳು. ಇನ್ನೊಂದು ಶುಕ್ರವಾರವೂ ಹಾಗೇ ಹೋಯಿತು. ಮತ್ತೊಂದೂ ಹೋಯಿತು.

ಒಂದು ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ಹನಾ ತಿನ್ನುತ್ತಿದ್ದ ರೊಟ್ಟಿಯನ್ನು ಬಟ್ಟಲಲ್ಲೇ ಬಿಟ್ಟು, ಸಾರು ಹಿಡಿದ ಕೈಯಲ್ಲೇ ಹೊರಗೆ ಓಡಿದಳು.

ಜೀಪಿನ ಹಿಂದೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ ಇತ್ತು. ಅದರ ಮೇಲೆ ಉಪ್ಪನ ಅಕ್ಷರದಲ್ಲಿ ಹನಾ ಎಂದು ದೊಡ್ಡದಾಗಿ ಬರೆದಿತ್ತು. ಇಳಿದವರು ಮಾತ್ರ ಉಪ್ಪ ಅಲ್ಲ. ದಪ್ಪ ಮೀಸೆಯ ಬೇರೆ ಯಾರೋ.

“ನೀನೇನಾ ಹನಾ? ನಾನು ನಿಝಾರ್, ಮುಂಡಾಜೆಯವ. ನಿನ್ನ ಉಪ್ಪ, ನಾನು, ಒಂದೇ ರೂಮು. ನನ್ನ ಮಂಚದ ಹತ್ತಿರವೇ ಅವನ ಮಂಚ.”

ನಿಝಾರಾಕ, ಅಂದರೆ ನಿಝಾರಣ್ಣ, ಜಗಲಿಯಲ್ಲಿ ಕೂತು ಪೆಟ್ಟಿಗೆ ಬಿಚ್ಚಿದರು. ಖರ್ಜೂರ ಬಂತು, ಹಾಲಿನ ಪುಡಿಯ ಡಬ್ಬ ಬಂತು, ಚಾಕೊಲೇಟ್ ಬಂತು, ಉಮ್ಮನಿಗೆ ಒಂದು ಶಾಲು ಬಂತು. ಲ್ಯಾಪ್‌ಟಾಪ್ ಇರಲಿಲ್ಲ. ಹನಾ ಖಾಲಿ ಪೆಟ್ಟಿಗೆಯೊಳಗೆ ಇಣುಕಿ ನೋಡಿದಳು. ಇವರ ಕೈಯಲ್ಲಿ ಕೊಟ್ಟಿಲ್ಲ ಎಂದ ಮೇಲೆ?

“ಲ್ಯಾಪ್‌ಟಾಪ್ ಉಪ್ಪನೇ ತರ್ತಾರಾ ನಿಝಾರಾಕ?”

“ಹೌದು, ಅದನ್ನು ಅವನೇ ಬರುವಾಗ ತರ್ತಾನಂತೆ.”

“ಯಾವಾಗ? ಈ ತಿಂಗಳಾ?”

“ಈ ತಿಂಗಳು ಹೇಗೆ ಬರುದು ಮಾರಾಯ್ತಿ? ಬರುವ ವರ್ಷ ರಂಜಾನ್ ನೋಂಬಿಗೆ ಅವನ ರಜೆ.”

“ಆದ್ರೆ ಲ್ಯಾಪ್‌ಟಾಪ್ ಈಗ ಕೆಟ್ಟದ್ದಲ್ವಾ?”

ನಿಝಾರಾಕ ಗಟ್ಟಿಯಾಗಿ ನಕ್ಕರು. “ನಿಮ್ಮ ಲ್ಯಾಪ್‌ಟಾಪ್ ಕೆಟ್ರೆ ಅವನಿಗೆ ಕಂಪೆನಿ ರಜೆ ಕೊಡ್ತದಾ? ರಜೆ ಬಂದಾಗ ಬರುದು. ಬರುವಾಗ ಊರಲ್ಲಿ ಎಂತ ಇಲ್ಲ, ಎಂತ ಬೇಕು ಅಂತ ಕೇಳಿ ತರುದು. ಎಲ್ಲರದ್ದೂ ಹಾಗೆಯೇ.”

ಟಿವಿಯೂ ಹಾಗೇ ಬಂದದ್ದು. ಟೇಪ್ ರೆಕಾರ್ಡರ್ ಒಡೆಯದಿದ್ದರೂ ಉಪ್ಪ ಆ ವರ್ಷ ಬರುತ್ತಲೇ ಇದ್ದರು. ಹನಾ ತನ್ನ ಕೈಗೆ ಒಣಗಿ ಹಿಡಿದಿದ್ದ ಸಾರನ್ನು ಲಂಗಕ್ಕೆ ಒರೆಸಿದಳು. ಉಮ್ಮ ಒಳಬಾಗಿಲ ಹತ್ತಿರ ನಿಂತು ಚಹಾದ ಗ್ಲಾಸನ್ನು ಅವಳ ಕೈಯಲ್ಲಿ ಕಳಿಸಿದಳು.

ನಿಝಾರಾಕ ಒಂದು ಗುಟುಕು ಕುಡಿದು, “ನಿನ್ನ ಉಪ್ಪ ಭಾರೀ ಹಠಮಾರಿ” ಎಂದರು.

“ಯಾಕೆ?”

“ನಮ್ಮ ರೂಮಲ್ಲಿ ಆರು ಜನ, ಕಂಪ್ಯೂಟರ್ ಒಂದೇ. ಶುಕ್ರವಾರ ಎಲ್ಲರಿಗೂ ಊರಿಗೆ ಮಾತಾಡ್ಲಿಕ್ಕುಂಟು. ಅದಕ್ಕೆ ಅರ್ಧರ್ಧ ಗಂಟೆ ಟರ್ನ್ ಮಾಡಿದ್ದೇವೆ. ನಿಮ್ಮ ಇಲ್ಲಿಯ ಐದು ಗಂಟೆಗೆ ಮಜೀದನ ಟರ್ನ್, ಅದಾದ ಮೇಲೆ ನನ್ನದು. ಈಗ ನಿಮ್ಮಲ್ಲಿ ಲ್ಯಾಪ್‌ಟಾಪೇ ಇಲ್ಲ. ನಾನು ಹೇಳಿದೆ, ಮಜೀದ್, ನಿನ್ನ ಟರ್ನ್ ನಂಗೆ ಬಿಟ್ಟುಕೊಡು ಮಾರಾಯ, ನಿಂಗೆ ಅದ್ರಿಂದ ಎಂತ ಆಗ್ಲಿಕ್ಕುಂಟು ಅಂತ. ಬಿಟ್ಟುಕೊಡುದಿಲ್ಲ ಅವ.”

“ಮತ್ತೆ ಎಂತ ಮಾಡ್ತಾರೆ?”

“ಸ್ನಾನ ಮಾಡಿ, ತಲೆ ಬಾಚಿ, ಇಸ್ತ್ರಿ ಹಾಕಿದ ಅಂಗಿ ಹಾಕ್ಕೊಂಡು, ಮೆಸೆಂಜರ್ ಓಪನ್ ಮಾಡಿ ಸುಮ್ಮನೆ ಕೂತ್ಕೊಳ್ತಾನೆ. ಅರ್ಧ ಗಂಟೆ. ನಾವೆಲ್ಲ ತಮಾಷೆ ಮಾಡ್ತೇವೆ. ‘ನನ್ನ ಮಗಳು ಹುಷಾರುಂಟು, ಹೇಗಾದ್ರೂ ಮಾಡಿ ರಿಪೇರಿ ಮಾಡಿಸ್ಲಿಕ್ಕೂ ಸಾಕು. ಅವಳು ಬರುವಾಗ ನಾನೇ ಇಲ್ಲದಿದ್ರೆ?’ ಅಂತಾನೆ.”

ನಿಝಾರಾಕ ಮತ್ತೆ ನಕ್ಕರು. ಒಳಬಾಗಿಲಲ್ಲಿ ಉಮ್ಮ ನಗಲಿಲ್ಲ. ಹನಾ ಚಾಕೊಲೇಟನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು, ಅದು ಮೆತ್ತಗಾಗಿ ಕಾಗದಕ್ಕೆ ಅಂಟಿತು.

ಅವಳು ಇಷ್ಟು ದಿನ ಖಾಲಿ ಮೇಜಿನ ಮುಂದೆ ಕೂತದ್ದು ತಾನೊಬ್ಬಳೇ ಎಂದುಕೊಂಡಿದ್ದಳು. ಅಲ್ಲಿ, ಮಂಚಗಳ ನಡುವೆ, ಅದೇ ಹೊತ್ತಿಗೆ ಉಪ್ಪನೂ ಬಾಚಿದ ತಲೆಯಲ್ಲಿ ಕೂತಿದ್ದರು. ಹಾಗೆ ಕೂರಿಸಿದ್ದು ಯಾರು?

ಜೀಪು ಹೋದ ಮೇಲೆ ಅವಳು ಅಡುಗೆಮನೆಗೆ ಹೋದಳು. ಉಮ್ಮ ಖರ್ಜೂರವನ್ನು ಡಬ್ಬಕ್ಕೆ ತುಂಬುತ್ತಿದ್ದಳು.

“ಉಮ್ಮ, ಲ್ಯಾಪ್‌ಟಾಪ್ ರಿಪೇರಿ ಆಗ್ತದೆ.”

ಉಮ್ಮ ತಿರುಗಿದಳು.

“ಹಾರ್ಡ್ ಡಿಸ್ಕ್ ಒಂದು ಬೇರೆ ಹಾಕಿದ್ರೆ ಸಾಕಂತೆ. ಎರಡು ದಿನದ ಕೆಲಸ. ಅಂಕಲ್ ಅವತ್ತೇ ಹೇಳಿದ್ರು. ನಾನು ಸುಳ್ಳು ಹೇಳಿದ್ದು.”

“ಯಾಕೆ ಹಾಗೆ ಹೇಳಿದ್ದು?”

“ಉಪ್ಪ ಬರ್ಲಿ ಅಂತ.”

ಅಷ್ಟು ಹೇಳುವಷ್ಟರಲ್ಲಿ ಅಳು ಬಂದೇ ಬಂತು. ಉಮ್ಮ ಬೈಯುತ್ತಾಳೆ ಎಂದು ಹನಾ ಕಾದಳು. ಉಮ್ಮನ ಬೈಗುಳ ಸಾಮಾನ್ಯದ್ದಲ್ಲ, ಶುರುವಾದರೆ ಪಕ್ಕದ ಮನೆಯವರೂ ಕೆಲಸ ನಿಲ್ಲಿಸಿ ಕೇಳುತ್ತಾರೆ. ಆದರೆ ಉಮ್ಮ ಡಬ್ಬದ ಮುಚ್ಚಳ ಹಿಡಿದುಕೊಂಡು ಅಲ್ಲೇ ಮಣೆಯ ಮೇಲೆ ಕೂತುಬಿಟ್ಟಳು. ಹನಾಳನ್ನು ಹತ್ತಿರ ಎಳೆದುಕೊಂಡು ಅವಳ ತಲೆಗೆ ತನ್ನ ಗಲ್ಲ ಊರಿದಳು.

“ಇಲ್ಲಿ ಎಂತ ಹಾಳಾದ್ರೂ ಉಪ್ಪ ಬರ್ತಿದ್ರೆ, ನಾನು ಈ ಮನೆಯಲ್ಲಿ ಒಂದು ಗ್ಲಾಸು ಕೂಡ ಉಳಿಸ್ತಿರ್ಲಿಲ್ಲ” ಎಂದಳು ಉಮ್ಮ.

ಮರುದಿನ ಶಾಲೆ ಬಿಡುವಾಗ ಉಮ್ಮ ಬುರ್ಖಾ ಹಾಕಿಕೊಂಡು ಗೇಟಿನ ಹತ್ತಿರವೇ ನಿಂತಿದ್ದಳು. ಇಬ್ಬರೂ ನೇರವಾಗಿ ಅಂಗಡಿಗೆ ಹೋದರು. ಮೀನಿನ ಅಂಗಡಿಯ ಕಡೆ ಹನಾ ತಿರುಗಿಯೂ ನೋಡಲಿಲ್ಲ.

“ಜ್ವರ ಕಮ್ಮಿ ಆಯ್ತಾ?” ಎಂದು ಶಾಂತಿರಾಜ ಅಂಕಲ್ ಕೇಳಿದರು.

ಉಮ್ಮ ಒಮ್ಮೆ ಹನಾಳ ಮುಖ ನೋಡಿದಳು. “ಕಮ್ಮಿ ಆಯ್ತು” ಎಂದಳು.

“ನಾನು ಅವತ್ತೇ ಹೇಳಿದ್ದೆ. ಮಗು ನಿಮ್ಮತ್ರ ಹೇಳ್ಲಿಲ್ವಾ?”

“ಹೇಳಿದ್ಳು. ಹೊಸತು ತೆಗೊಳ್ಳುದಾ, ಇದನ್ನೇ ಸರಿ ಮಾಡುದಾ ಅಂತ ನಾವೇ ತೀರ್ಮಾನ ಮಾಡುವಾಗ ತಡ ಆಯ್ತು. ಇದನ್ನೇ ಸರಿ ಮಾಡಿ ಕೊಡಿ. ಶುಕ್ರವಾರಕ್ಕೆ ಬೇಕಿತ್ತು.”

“ಒಳಗಿದ್ದದ್ದು ಯಾವುದೂ ಸಿಗ್ಲಿಕ್ಕಿಲ್ಲ ಆಯ್ತಾ? ಫೋಟೋ, ಗೇಮ್ಸ್, ಎಲ್ಲ ಹೋದ ಹಾಗೆಯೇ.”

“ಹೋಗ್ಲಿ ಅಂಕಲ್” ಎಂದಳು ಹನಾ. ಆ ಗೇಮಿನಲ್ಲಿ ಅವಳು ಎಷ್ಟು ಕಷ್ಟಪಟ್ಟು ಕೊನೆಯ ಲೆವೆಲ್ ತಲುಪಿದ್ದಳೆಂದು ಆ ಅಂಕಲಿಗೆ ಏನು ಗೊತ್ತು. ಆದರೂ ಅವಳು ಹೋಗ್ಲಿ ಎಂದೇ ಹೇಳಿದಳು.

ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮೇಜಿನ ಮೇಲೆ ಬಂದು ಕೂತಿತು. ಸ್ಕ್ರೀನು ಖಾಲಿಯಾಗಿತ್ತು. ನೀಲಿ ಬಣ್ಣ, ಅಂಕಲ್ ಹಾಕಿಕೊಟ್ಟ ಎರಡು ಮೂರು ಚಿತ್ರ, ಅಷ್ಟೇ. ಉಮ್ಮ ಟೆಲಿಫೋನಿನ ವಯರನ್ನು ಮೋಡೆಮ್ಮಿಗೆ ಸಿಕ್ಕಿಸಿದಳು.

“ಉಪ್ಪನಿಗೆ ಫೋನ್ ಮಾಡಿ ಹೇಳುವನಾ, ಸರಿಯಾಯ್ತು ಅಂತ?”

“ಬೇಡ ಉಮ್ಮ.”

“ಗೊತ್ತಿಲ್ಲದೆ ಅವರು ಹೊರಗೆ ಹೋದ್ರೆ?”

“ಹೋಗುದಿಲ್ಲ” ಎಂದಳು ಹನಾ.

ಐದು ಗಂಟೆಯಾಗುತ್ತಾ ಬಂದಿತ್ತು. ಅವಳು ಒಂದು ಬೆರಳಲ್ಲಿ ತನ್ನ ಹೆಸರನ್ನೂ ಪಾಸ್‌ವರ್ಡನ್ನೂ ಒತ್ತಿದಳು. ಮೆಸೆಂಜರ್ ನಿಧಾನಕ್ಕೆ ತೆರೆದುಕೊಂಡಿತು. ಹೆಸರುಗಳ ಸಾಲು ಬಂತು. ಪ್ರತಿ ಹೆಸರಿನ ಪಕ್ಕದಲ್ಲಿ ಒಂದೊಂದು ಪುಟ್ಟ ಮುಖ. ದೊಡ್ಡಪ್ಪನ ಮಗಳ ಮುಖ ಬೂದಿ ಬಣ್ಣ, ಆಕೆ ಇಲ್ಲ. ಬೆಂಗಳೂರಿನ ಮಾಮನ ಮುಖವೂ ಬೂದಿ ಬಣ್ಣ. ಅವುಗಳ ನಡುವೆ ಉಪ್ಪನ ಹೆಸರಿನ ಹತ್ತಿರ ಮಾತ್ರ ಹಳದಿ ಮುಖ ನಗುತ್ತಾ ಇತ್ತು.

ಹನಾ ಕರೆಯ ಬಟನ್ ಒತ್ತಿದಳು. ಬೆಲ್ಲು ಒಂದು ಸಲವೂ ಪೂರ್ತಿ ಆಗಲಿಲ್ಲ, ಯಾರೋ ಎತ್ತಿಬಿಟ್ಟರು.

ಚಿತ್ರ ಬರಲಿಲ್ಲ, ಸದ್ದು ಮಾತ್ರ ಬಂತು. ಫ್ಯಾನು ತಿರುಗುವ ಸದ್ದು, ದೂರದಲ್ಲಿ ಪಾತ್ರೆಯ ಸದ್ದು. ಅದರ ಹಿಂದಿನಿಂದ ಯಾರದೋ ಸ್ವರ, “ಬರುದಿಲ್ಲ ಮಜೀದ್, ಏಳು ಮಾರಾಯ, ಎಷ್ಟು ವಾರ ಅಂತ ಕೂರ್ತೀ?”

ತೀರ ಹತ್ತಿರದಲ್ಲಿ ಉಪ್ಪನ ಉಸಿರು ಮಾತ್ರ ಕೇಳುತ್ತಿತ್ತು.

ಹನಾ ಮೈಕಿಗೆ ಬಾಯಿ ತಂದಳು.

“ಉಪ್ಪಾ, ನಾನು ಬಂದೆ.”

ಆ ಕಡೆ ಕುರ್ಚಿ ದಡಕ್ಕನೆ ಸರಿದ ಸದ್ದಾಯಿತು. ಸ್ಕ್ರೀನಿನ ಚೌಕ ಇನ್ನೂ ಕಪ್ಪಾಗಿಯೇ ಇತ್ತು. ಹನಾ ಮೌಸನ್ನು ಮುಟ್ಟಲಿಲ್ಲ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಉಪ್ಪನ ಮುಖ ಬರಲು ಎಷ್ಟು ಹೊತ್ತಾದರೂ ಆಗಲಿ ಎಂದು ಕಾಯುತ್ತಾ ಕೂತಳು.